ಡಿಮ್ಮರ್ ಹಾಕಿದ 25 ವ್ಯಾಟ್ ಐರನ್ನಿನಲ್ಲೇ ಗೇಮ್ ಬಾಯ್ ಬೆಳಗಿಸಿದೆ

ನನ್ನ ಬೂದು ಬಣ್ಣದ ಹಳೇ ಗೇಮ್ ಬಾಯ್, ಅಂದರೆ ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ (ಮಾಡೆಲ್ ಡಿಎಂಜಿ-01), ಈಗ ಬ್ಯಾಕ್‌ಲೈಟ್ ಹಾಕಿಕೊಂಡು ಓಡುತ್ತಿದೆ. ಚಿತ್ರದ ಸಿಗ್ನಲ್ ತಿರುಗುಮುರುಗು ಮಾಡಿ ಕಾಂಟ್ರಾಸ್ಟ್ ಏರಿಸುವ ಬೈವರ್ಟ್ ಚಿಪ್ ಕೂತಿದೆ. ಪರದೆಯಲ್ಲಿ ಸತ್ತುಹೋಗಿದ್ದ ಉದ್ದ (ಮೇಲಿನಿಂದ ಕೆಳಗಿನ) ಗೆರೆಗಳೆಲ್ಲ ವಾಪಸ್ ಬಂದಿವೆ. ಇಷ್ಟನ್ನೂ ಮಾಡಿದ್ದು 25 ವ್ಯಾಟಿನ ಸಾದಾ ಸೋಲ್ಡ್ರಾನ್ ಕಂಪನಿಯ ಬೆಸುಗೆ ಐರನ್ ಮತ್ತು ಮನೆಯ ಲೈಟಿಗೆ ಹಾಕುವ ಡಿಮ್ಮರ್ ಇಟ್ಟುಕೊಂಡು. ಶುರು ಮಾಡಿದಾಗ ನನಗೆ ಎರಡು ವೈರ್ ಸೇರಿಸಿ ಬೆಸುಗೆ ಹಾಕಲೂ ಬರುತ್ತಿರಲಿಲ್ಲ.

ಆಗಲ್ಲ ಅಂದವರೇ ಜಾಸ್ತಿ. ಎಸ್‌.ಪಿ. ರೋಡಿನ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಅಂಗಡಿಯವರೊಬ್ಬರು, "ಸಾರ್, ಗೇಮ್ ಬೋರ್ಡಿಗೆ ಬಿಸಿ ಹತೋಟಿ ಇರುವ ಸೋಲ್ಡರಿಂಗ್ ಸ್ಟೇಷನ್ನೇ ಬೇಕು. ಇದರಲ್ಲಿ ಬೋರ್ಡಿನ ತಾಮ್ರದ ಟ್ರ್ಯಾಕ್ ಎದ್ದು ಬರುತ್ತೆ" ಅಂದರು. ನಮ್ಮ ಸೋದರಮಾವ ಹಾಸನದಲ್ಲಿ ವರ್ಷಾನುಗಟ್ಟಲೆ ಟಿವಿ ರಿಪೇರಿ ಮಾಡಿದವರು. ಅವರೂ ಫೋನಿನಲ್ಲಿ, "ಡಿಸ್ಪ್ಲೇ ಪಟ್ಟಿಗೆ ಐರನ್ ಮುಟ್ಟಿಸ್ತೀಯೇನೋ? ಕರಗಿಹೋಗುತ್ತೆ. ಸುಮ್ನೆ ಹೊಸ ಡಿಸ್ಪ್ಲೇ ಹಾಕು" ಅಂದರು. ಈಗ ಕೆಲಸ ಮುಗಿದು ತಿಂಗಳುಗಳೇ ಆದವು, ಒಂದು ಗೆರೆಯೂ ಮತ್ತೆ ಹೋಗಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಐಪಿಎಸ್ ಕಿಟ್ (ಹಳೇ ಪರದೆ ತೆಗೆದು ಕೂರಿಸುವ ಹೊಸ ಡಿಸ್ಪ್ಲೇ) ಯಾಕೆ ಹಾಕಲಿಲ್ಲ ಅಂತ ಕೇಳುವವರಿಗೆ: ಕಸ್ಟಮ್ಸ್ ಎಲ್ಲಾ ಸೇರಿ ಐದು ಸಾವಿರದ ಹತ್ತಿರ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನಗೆ ಹಳೇ ಪರದೆಯೇ ಬೇಕಿತ್ತು. 160 ಕಂಬ, 144 ಸಾಲು, ನಾಲ್ಕೇ ಛಾಯೆ. 1989ರಲ್ಲಿ ನಿಂಟೆಂಡೊದ ಯೊಕೊಯಿ ಗುನ್‌ಪೇ ಅವರ ತಂಡ ಬೇಕೆಂದೇ ಇದಕ್ಕೆ ಬ್ಯಾಕ್‌ಲೈಟ್ ಕೊಡಲಿಲ್ಲ. ನಾಲ್ಕು ಎಎ ಸೆಲ್‌ನಲ್ಲಿ ಹತ್ತಾರು ಗಂಟೆ ಓಡಬೇಕು ಅನ್ನುವುದು ಅವರ ಲೆಕ್ಕ. ಮರುವರ್ಷ ಬಂದ ಸೆಗಾ ಗೇಮ್ ಗೇರ್‌ನಲ್ಲಿ ಬಣ್ಣವೂ ಇತ್ತು, ಬೆಳಕೂ ಇತ್ತು. ಆದರೆ ಆರು ಸೆಲ್ ಹಾಕಿದರೂ ಮೂರ್ನಾಲ್ಕು ಗಂಟೆಗೆ ಖಾಲಿ. ಈಗಿನ ಎಲ್‌ಇಡಿ ಕುಡಿಯುವ ಕರೆಂಟ್ ತುಂಬಾ ಕಡಿಮೆ. ಹಾಗಾಗಿ ಅವತ್ತಿನ ಜಗಳ ಇವತ್ತು ಇಲ್ಲ.

ಮೊದಲು ಕೈ ಪಳಗಬೇಕಲ್ಲ. ಗುಜರಿ ಅಂಗಡಿಯಲ್ಲಿ ಕೆಟ್ಟ ಸೆಟ್‌ಟಾಪ್ ಬಾಕ್ಸ್ ಬೋರ್ಡುಗಳನ್ನು ತೂಕದ ಲೆಕ್ಕದಲ್ಲಿ ತಂದೆ. ಒಂದು ಚೀಲಕ್ಕೆ ಇನ್ನೂರು ರೂಪಾಯಿ ಕೊಟ್ಟಿರಬೇಕು. ಒಂದು ರೆಸಿಸ್ಟರ್ ಬಿಚ್ಚುವುದು, ಪ್ಯಾಡ್ (ಬೆಸುಗೆ ಕೂರುವ ತಾಮ್ರದ ಜಾಗ) ಕ್ಲೀನ್ ಮಾಡುವುದು, ಅದನ್ನೇ ವಾಪಸ್ ಕೂರಿಸುವುದು. ಇದೇ ಕೆಲಸ. ಮೊದಮೊದಲು ಪ್ಯಾಡುಗಳು ಎಲೆಯ ಹಾಗೆ ಎದ್ದು ಬರುತ್ತಿದ್ದವು. ಸೋಲ್ಡರ್ ಕರಗಿದ ಮೇಲೂ ಐರನ್ ಇನ್ನಷ್ಟು ಬಿಸಿಯಾಗುತ್ತಲೇ ಇರುವುದು ಅದಕ್ಕೆ ಕಾರಣ. ಮಲ್ಟಿಮೀಟರಿನ ಬಿಸಿ ಅಳೆಯುವ ಥರ್ಮೋಕಪಲ್ ಇಟ್ಟು ನೋಡಿದೆ. ಸುಮ್ಮನೆ ಸ್ಟ್ಯಾಂಡಿನಲ್ಲಿ ಬಿಟ್ಟರೆ ಬಿಟ್, ಅಂದರೆ ಐರನ್ನಿನ ತುದಿ, 400 ಡಿಗ್ರಿ ದಾಟುತ್ತದೆ. 63/37 (ತವರ-ಸೀಸ) ಸೋಲ್ಡರ್ ಕರಗುವುದು 183ಕ್ಕೆ. ಉಳಿದ ಬಿಸಿಯೆಲ್ಲ ಬೋರ್ಡ್ ಸುಡುವುದಕ್ಕೇ ಹೋಗುತ್ತಿತ್ತು.

ಈ ಬಿಸಿ ಇಳಿಸುವುದರಲ್ಲೇ ನನ್ನ ಸಾಕಷ್ಟು ದುಡ್ಡು ಹೋಯಿತು. ಮಾವ ಒಂದು ಹಳೇ ಉಪಾಯ ಹೇಳಿದರು, 1ಎನ್4007 ಡಯೋಡನ್ನು ಸೀರೀಸ್‌ನಲ್ಲಿ ಹಾಕು ಅಂತ. ಅರ್ಧ ವೇವ್ ಮಾತ್ರ ಹೋಗುವುದರಿಂದ ಪವರ್ ಅರ್ಧಕ್ಕೆ ಇಳಿಯುತ್ತದೆ. ಐರನ್ ಸುಮ್ಮನೆ ಕಾಯುತ್ತಿರಲು ಅದು ಬಹಳ ಒಳ್ಳೆಯದು, ಬಿಟ್ ಕಪ್ಪಾಗುವುದಿಲ್ಲ. ಆದರೆ ಕೆಲಸಕ್ಕೆ ಬಿಸಿ ಸಾಲದು, ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ ಆಗುತ್ತದೆ. ಆಮೇಲೆ ಮನೆಯಲ್ಲಿದ್ದ ಸ್ಟೆಪ್ ಫ್ಯಾನ್ ರೆಗ್ಯುಲೇಟರ್ ಹಾಕಿ ನೋಡಿದೆ. ಒಳಗೆ ಕೆಪಾಸಿಟರ್ ಇರುತ್ತಲ್ಲ, ಆ ತರಹದ್ದು. ಅದೂ ಕೆಲಸಕ್ಕೆ ಬರಲಿಲ್ಲ. ಒಂದು ಸ್ಟೆಪ್‌ನಲ್ಲಿ ಏನೂ ಬದಲಾಗಲ್ಲ, ಕೆಳಗಿನ ಸ್ಟೆಪ್‌ಗೆ ಬಂದರೆ ಪೂರಾ ತಣ್ಣಗೆ. ಫ್ಯಾನಿನ ಮೋಟಾರಿಗೆ ಲೆಕ್ಕ ಹಾಕಿ ಮಾಡಿದ ಕೆಪಾಸಿಟರ್ 25 ವ್ಯಾಟಿನ ಸಾದಾ ಲೋಡಿಗೆ ಹೊಂದುವುದಿಲ್ಲ.

ಕೊನೆಗೆ ಲೈಟ್ ಡಿಮ್ಮರ್ ತಂದೆ. ಟ್ರಯಾಕ್ ಇರುವುದು, ತಿರುಗಿಸುವ ಗುಂಡಿಯದ್ದು. ಇನ್ನೂರೈವತ್ತೋ ಮುನ್ನೂರೋ ಆಯಿತು. ಅದೂ ಮೊದಲ ದಿನ ಕೈಕೊಟ್ಟಿತು. ಅರ್ಧಕ್ಕಿಂತ ಕೆಳಗೆ ತಿರುಗಿಸಿದರೆ ಐರನ್ ಆಫ್. ಅಂಗಡಿಗೆ ಹೋಗಿ ಬೇರೆ ತಂದೆ, ಅದೂ ಹಾಗೇ. ಆಮೇಲೆ ಗೊತ್ತಾಯಿತು, ಇಂಥ ಡಿಮ್ಮರಿಗೆ ಕನಿಷ್ಠ ಇಷ್ಟು ಲೋಡ್ ಅಂತ ಬೇಕು, 25 ವ್ಯಾಟ್ ಅದಕ್ಕೆ ಕಡಿಮೆ. ಐರನ್ನಿಗೆ ಪ್ಯಾರಲಲ್ ಆಗಿ 40 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿದೆ. ಎಲ್‌ಇಡಿ ಬಲ್ಬ್ ಹಾಕಿದರೆ ಪ್ರಯೋಜನವಿಲ್ಲ, ಫಿಲಮೆಂಟಿನದ್ದೇ ಬೇಕು. ತಕ್ಷಣ ಡಿಮ್ಮರ್ ಕೊನೆಯವರೆಗೂ ನಯವಾಗಿ ಇಳಿಯಿತು.

ಈ ಬಲ್ಬ್‌ನಿಂದ ಇನ್ನೊಂದು ಲಾಭ ಸಿಕ್ಕಿತು. ಬಲ್ಬಿನ ಬಣ್ಣ ನೋಡಿದರೇ ಬಿಟ್ ಎಷ್ಟು ಬಿಸಿ ಅಂತ ಅಂದಾಜು ಸಿಗುತ್ತದೆ. ಬಿಳಿಯಾಗಿದ್ದರೆ ಜಾಸ್ತಿ. ಕಿತ್ತಳೆ ಬಣ್ಣಕ್ಕೆ ಬಂದಾಗ ನನ್ನ ಮೀಟರ್ 310, 320 ತೋರಿಸುತ್ತಿತ್ತು, ಬೋರ್ಡ್ ಕೆಲಸಕ್ಕೆ ಸರಿ. ಕಡುಕೆಂಪಿಗೆ ಇಳಿದರೆ ಡಿಸ್ಪ್ಲೇ ಪಟ್ಟಿಯ ಕೆಲಸ. ಸಾವಿರಾರು ರೂಪಾಯಿಯ ಸ್ಟೇಷನ್ನಿನಲ್ಲಿ ಅಂಕಿ ಕಾಣುತ್ತದೆ, ನನ್ನದರಲ್ಲಿ ಬಣ್ಣ ಕಾಣುತ್ತದೆ, ಅಷ್ಟೇ ವ್ಯತ್ಯಾಸ! ಎಲ್ಲವನ್ನೂ ಪಿವಿಸಿ ಸ್ವಿಚ್‌ಬೋರ್ಡಿನಲ್ಲಿ ಕೂರಿಸಿ ಮುಚ್ಚಿದ್ದೇನೆ. 230 ವೋಲ್ಟ್ ಮೇಜಿನ ಮೇಲೆ ಬಿಚ್ಚಿಕೊಂಡು ಇರಬಾರದು. ಐರನ್ ಮೂರು ಪಿನ್ನಿನದೇ ಇರಲಿ. ಬಿಟ್ಟಿಗೂ ಅರ್ಥ್ ಪಿನ್ನಿಗೂ ಮೀಟರ್ ಇಟ್ಟು ಬೀಪ್ ಬರುತ್ತದಾ ನೋಡಿ. ಬರದಿದ್ದರೆ ಆ ಐರನ್ನನ್ನು ಚಿಪ್ಪಿನ ಹತ್ತಿರ ತರಬೇಡಿ.

ಬಿಸಿ ಹತೋಟಿಗೆ ಬಂದ ಮೇಲೆ ಉಳಿದದ್ದು ಫ್ಲಕ್ಸ್, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪದಾರ್ಥ. ಹಾರ್ಡ್‌ವೇರ್ ಅಂಗಡಿಯ ಡಬ್ಬಿ ಪೇಸ್ಟ್ ಹಾಕಿದ ಗುಜರಿ ಬೋರ್ಡ್‌ಗಳಲ್ಲಿ ಕೆಲವು ವಾರಗಳಲ್ಲೇ ಹಸಿರು ಹಿಡಿಯಿತು. ಆಸಿಡ್ ಇರುವ ಪೇಸ್ಟ್ ತಗಡಿಗೆ ಸರಿ, ಇದಕ್ಕಲ್ಲ. ನಾನು ರೋಸಿನ್ (ರಾಳ) ಗಟ್ಟಿ ತಂದು, ಪುಡಿ ಮಾಡಿ, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸ್ಪಿರಿಟ್‌ನಲ್ಲಿ ಕರಗಿಸಿ ನೇಲ್ ಪಾಲಿಶ್ ಬಾಟಲಿಗೆ ತುಂಬಿಸಿಟ್ಟಿದ್ದೇನೆ. ಬ್ರಷ್ ಅದರಲ್ಲೇ ಇರುತ್ತಲ್ಲ, ಆರಾಮ. ಪ್ರಮಾಣ ಎಷ್ಟು ಅಂತ ಮಾತ್ರ ಕೇಳಬೇಡಿ, ಅದು ನನ್ನದೇ ಇರಲಿ. ತೀರಾ ತೆಳುವಾದರೂ ಕಷ್ಟ, ಜೇನಿನಷ್ಟು ಗಟ್ಟಿಯಾದರೂ ಕಷ್ಟ, ಇಷ್ಟು ಹೇಳಬಲ್ಲೆ. ಇನ್ನು ಬಿಟ್. ಹಳೇ ಮೆಕ್ಯಾನಿಕ್‌ಗಳು ತಾಮ್ರದ ಬಿಟ್ಟನ್ನು ಅರದಿಂದ ಉಜ್ಜುತ್ತಿದ್ದರು. ಈಗಿನ ಪ್ಲೇಟಿಂಗ್ ಇರುವ ಬಿಟ್ಟಿಗೆ ಅರ ತಾಗಿಸಿದರೆ ಅದರ ಕಥೆ ಮುಗಿಯಿತು. ಹಿತ್ತಾಳೆ ಸ್ಕ್ರಬ್ಬರ್ ಸಾಕು.

ಗೇಮ್ ಬಾಯ್ ಬಿಚ್ಚುವುದು, ಪರದೆಯ ಹಿಂದೆ ಅಂಟಿಸಿರುವ ಪೋಲರೈಸರ್ (ಬೆಳಕು ಸೋಸುವ ಹಾಳೆ) ಸುಲಿಯುವುದು ನಿಮಗೆ ಗೊತ್ತಿರುವುದೇ. ಮೂಲೆಯಿಂದ ಬ್ಲೇಡ್ ಹಾಕಿ, ಆತುರ ಪಡದೆ. ಗಾಜಿನ ಮೇಲಿನ ಅಂಟು ಬಿಡಿಸುವುದಕ್ಕೇ ನನಗೆ ಒಂದು ಸಂಜೆ ಹಿಡಿಯಿತು. ಬ್ಯಾಕ್‌ಲೈಟ್ ಪ್ಯಾನಲ್‌ಗೆ ಎರಡೇ ವೈರ್, ಮುಂದಿನ ಬೋರ್ಡಿನಲ್ಲಿ 5 ವೋಲ್ಟ್ ಸಿಗುವ ಕೆಪಾಸಿಟರಿನ ಕಾಲುಗಳಿಗೆ. ವೈರಿಗೆ ದುಡ್ಡು ಕೊಡಬೇಡಿ. ಹಳೇ ಹಾರ್ಡ್‌ಡಿಸ್ಕಿನ 80 ಎಳೆಯ ರಿಬ್ಬನ್ ಕೇಬಲ್ ಸೀಳಿಕೊಳ್ಳಿ, ಜೀವಮಾನಕ್ಕೆ ಸಾಕು.

ಬೈವರ್ಟ್ ಸ್ವಲ್ಪ ಕಾಡಿಸಿತು. ಹೊಸದಾಗಿ ಹಾಕುವ ಪೋಲರೈಸರನ್ನು 90 ಡಿಗ್ರಿ ತಿರುಗಿಸಿದರೆ ಚಿತ್ರ ನೆಗೆಟಿವ್ ಆಗುತ್ತದೆ. ಡೇಟಾವನ್ನೂ ತಿರುಗಿಸಿದರೆ ಮತ್ತೆ ನೇರವಾಗುತ್ತದೆ, ಕಾಂಟ್ರಾಸ್ಟ್ ಮಾತ್ರ ಎಷ್ಟೋ ಜಾಸ್ತಿ. ದುಡ್ಡು ಕೊಟ್ಟು ತರಿಸಿದ ಬೈವರ್ಟ್ ಬೋರ್ಡ್ ಬಂದಾಗಲೇ ಸತ್ತಿತ್ತು. ಇನ್ನೊಂದಕ್ಕೆ ಕಾಯುವ ಬದಲು ಎಸ್‌.ಪಿ. ರೋಡಿನಲ್ಲಿ ಹತ್ತಿಪ್ಪತ್ತು ರೂಪಾಯಿಗೆ 74ಎಚ್‌ಸಿ04 ತಂದೆ. ಅದರೊಳಗೆ ಸಿಗ್ನಲ್ ತಿರುಗಿಸುವ ಆರು ಇನ್ವರ್ಟರ್ ಇವೆ, ನಮಗೆ ಬೇಕಾದದ್ದು ಎರಡೇ. ಕೂರಿಸಿದ ಮೇಲೆ ಚಿತ್ರ ಬಂತು, ಆದರೆ ನಡುಗುತ್ತಿತ್ತು. ಬಳಸದ ನಾಲ್ಕು ಇನ್‌ಪುಟ್‌ಗಳನ್ನು ಗ್ರೌಂಡಿಗೆ ಸೇರಿಸಿದೆ, ನಡುಕ ನಿಂತಿತು. ಈ ಒಂದು ಮಾತು ಮೊದಲೇ ಯಾರಾದರೂ ಹೇಳಿದ್ದರೆ ನನಗೆ ಎರಡು ಭಾನುವಾರ ಉಳಿಯುತ್ತಿತ್ತು. ಎರಡೂ ಬೋರ್ಡ್ ಸೇರಿಸುವ 21 ಪಿನ್ನಿನ ರಿಬ್ಬನ್‌ನಲ್ಲಿ ಡೇಟಾದ ಎರಡು ಪಿನ್ ಯಾವುವು ಅನ್ನುವುದನ್ನು ಮೀಟರ್ ಹಿಡಿದು ನೀವೇ ಪತ್ತೆ ಮಾಡಿ. ಹಾಗೆ ಹುಡುಕಿದವರಿಗೆ ಆ ಬೋರ್ಡ್ ಅರ್ಥವಾಗುತ್ತದೆ.

ಈಗ ಎಲ್ಲರೂ ಬೇಡ ಅಂದಿದ್ದ ಕೆಲಸ. ನನ್ನ ಪರದೆಯಲ್ಲಿ ಎಡಗಡೆ ಹತ್ತು ಹನ್ನೆರಡು ಉದ್ದ ಗೆರೆ ಮಾಯವಾಗಿದ್ದವು. ಗಾಜಿನ ಕೆಳಗಡೆ ರಬ್ಬರ್ ಪಟ್ಟಿಯ ಅಡಿಯಲ್ಲಿ ರಿಬ್ಬನ್, ಅಂದರೆ ಮಾವ ಹೇಳಿದ ಡಿಸ್ಪ್ಲೇ ಪಟ್ಟಿ, ಇರುತ್ತದೆ. ಅದನ್ನು ಬಿಸಿಯಿಂದಲೇ ಒತ್ತಿ ಅಂಟಿಸಿರುತ್ತಾರೆ. ವರ್ಷಗಳು ಕಳೆದಂತೆ ಆ ಅಂಟು ಬಿಡುತ್ತದೆ, ಗೆರೆ ಸಾಯುತ್ತದೆ. ಪರದೆ ಕೆಟ್ಟಿರುವುದಿಲ್ಲ. ಮತ್ತೆ ಬಿಸಿ ಕೊಟ್ಟು ಒತ್ತಿದರೆ ಹಿಡಿದುಕೊಳ್ಳುತ್ತದೆ. ಬಿಸಿ ಎಷ್ಟು ಅನ್ನುವುದರಲ್ಲೇ ಎಲ್ಲ ಇರುವುದು. ಪೂರ್ತಿ ಬಿಸಿಯ 25 ವ್ಯಾಟ್ ಐರನ್ ಅದನ್ನು ಸುಡುತ್ತದೆ ಅಂತ ಮಾವ ಹೇಳಿದ್ದು ನಿಜ. ಅದನ್ನು ಒಂದು ಹಾಳು ಕ್ಯಾಲ್ಕುಲೇಟರಿನ ರಿಬ್ಬನ್ ಮೇಲೆ ನೋಡಿದೆ, ಕ್ಷಣದಲ್ಲಿ ಸುರುಟಿಕೊಂಡಿತು. ಬಲ್ಬ್ ಕಡುಕೆಂಪಿಗೆ ಬಂದಾಗ ಅದೇ ರಿಬ್ಬನ್ ಏನೂ ಆಗದೆ ಉಳಿಯಿತು.

ಗೇಮ್ ಬಾಯ್ ಆನ್ ಮಾಡಿ, ಕಾಂಟ್ರಾಸ್ಟ್ ಪೂರ್ತಿ ಏರಿಸಿದೆ. ಬಿಟ್ಟಿನ ಚಪ್ಪಟೆ ಬದಿಯನ್ನು ರಿಬ್ಬನ್ ಮೇಲೆ ನಿಧಾನವಾಗಿ ಎಳೆದೆ. ಬಿಟ್ಟಿಗೂ ರಿಬ್ಬನ್‌ಗೂ ನಡುವೆ ನಾನೊಂದು ತೆಳು ಹಾಳೆ ಇಡುತ್ತೇನೆ, ಯಾವುದು ಅಂತ ಸದ್ಯಕ್ಕೆ ಹೇಳಲ್ಲ. ಎಳೆಯುತ್ತಾ ಹೋದಂತೆ ಒಂದೊಂದೇ ಗೆರೆ ಕಪ್ಪಗೆ ಮೂಡಿತು. ಒಂದು ಮೊಂಡು ಗೆರೆ ಮಾತ್ರ ಬಂದು ಬಂದು ಹೋಗುತ್ತಿತ್ತು. ಪೂರ್ತಿ ತಣ್ಣಗಾಗಲು ಬಿಟ್ಟು, ಮಾರನೇ ದಿನ ಇನ್ನೊಮ್ಮೆ ಎಳೆದ ಮೇಲೆ ಅದೂ ನಿಂತಿತು. ವಿಡಿಯೋ ಕಳಿಸಿದೆ. ಮಾವ ನೋಡಿ, "ಆ ಬಲ್ಬಿನ ಬೋರ್ಡ್ ನನಗೂ ಒಂದು ಮಾಡಿಕೊಡೋ" ಅಂದರು. ಮಾಡಿಕೊಟ್ಟಿದ್ದೇನೆ.

ಇದೇ ಹುರುಪಿನಲ್ಲಿ ಸದ್ದು ಏರಿಸಿ ಇಳಿಸುವ ವಾಲ್ಯೂಮ್ ಪಾಟ್‌ನಿಂದ, ಆಂಪ್ಲಿಫೈಯರ್‌ಗೆ ಹೋಗುವ ಮೊದಲೇ ಸಿಗ್ನಲ್ ತೆಗೆದು ಬೇರೆ ಹೆಡ್‌ಫೋನ್ ಜಾಕಿಗೆ ಕೊಟ್ಟೆ. ಸದ್ದು ಸಣ್ಣದಾಯಿತು, ಗುಂಯ್ ಅನ್ನುವ ಶಬ್ದ ಮಾತ್ರ ಬಹಳ ಇಳಿಯಿತು. ಹೊರಗಿನ ಸ್ಪೀಕರಿಗೆ ಹಾಕಿ ಕೇಳಿದರೆ ಅದರ ಬೇಸ್ ಬೇರೆಯೇ ಇದೆ.

ಲೆಕ್ಕ ಅಂದಾಜಿಗೆ ಹೇಳುತ್ತೇನೆ. ಐರನ್, ಎರಡು ಡಿಮ್ಮರ್, ಬಲ್ಬ್, ಸ್ವಿಚ್ ಬೋರ್ಡ್ ಸೇರಿ ಸಾವಿರದ ಒಳಗೆ. ಒಳ್ಳೆ ಸೋಲ್ಡರ್, ರೋಸಿನ್, ಐಪಿಎ, ಸೋಲ್ಡರ್ ಹೀರುವ ವಿಕ್ ಇನ್ನೊಂದು ಏಳೆಂಟು ನೂರು. ಬ್ಯಾಕ್‌ಲೈಟ್ ಪ್ಯಾನಲ್ ಮತ್ತು ಪೋಲರೈಸರ್ ಸಾವಿರದ ಮೇಲೆ. ಸತ್ತ ಬೈವರ್ಟ್ ದಂಡ. ಸೋಲ್ಡರಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಅಗ್ಗದ ಸುರುಳಿಯ ಸೋಲ್ಡರ್ ಎಷ್ಟು ಬಿಸಿ ಕೊಟ್ಟರೂ ಹರಳು ಹರಳಾಗಿ ನಿಲ್ಲುತ್ತಿತ್ತು.

ಅಡ್ಡ ಗೆರೆ ಹೋಗಿರುವ ಪರದೆಗೆ ಇದೇ ಬಿಸಿ ಕೊಡಬೇಡಿ. ಬದಿಯ ರಿಬ್ಬನ್ ತುಂಬಾ ಸೂಕ್ಷ್ಮ, ಅದಕ್ಕೆ ಬೇರೆ ಲೆಕ್ಕ ಬೇಕು. ಆ ಪ್ರಯೋಗಕ್ಕೆ ಅಡ್ಡ ಗೆರೆ ಸತ್ತ ಡಿಎಂಜಿ ಪರದೆಯೊಂದನ್ನು ಹುಡುಕುತ್ತಿದ್ದೇನೆ. ಗಾಜು ಒಡೆದಿರಬಾರದು, ಅಷ್ಟೇ. ಯಾರ ಹತ್ತಿರವಾದರೂ ಇದ್ದರೆ ಗುಜರಿಗೆ ಹಾಕಬೇಡಿ, ನಾನು ತಗೊಳ್ಳುತ್ತೇನೆ.