ಮರುಭೂಮಿಯ ಮೂಳೆಚೂರನ್ನು ಓದುವ ಬಗೆ

ಪ್ರಾಗಿತಿಹಾಸದ ಬೇಟೆಗಾರರ ನೆಲೆಯಿಂದ ಬಂದ ಮೂಳೆಯ ಚೀಲವನ್ನು ಮೊದಲ ಬಾರಿ ಬಿಚ್ಚಿದಾಗ ಕೈ ತಾನಾಗಿಯೇ ದೊಡ್ಡ ತುಂಡುಗಳತ್ತ ಹೋಗುತ್ತದೆ. ಹಲ್ಲು ಕೂಡಿರುವ ದವಡೆ, ಮುರಿಯದೆ ಉಳಿದ ಹಿಮ್ಮಡಿಯ ಎಲುಬು, ಹೀಗೆ ಕಂಡೊಡನೆ ಪ್ರಾಣಿಯ ಹೆಸರು ಹೇಳಬಹುದಾದವು. ಅವನ್ನು ಬದಿಗಿಡಿ. ನನ್ನ ಬಳಿ ಕಲಿಯಲು ಬರುವವರಿಗೆ ನಾನು ಮೊದಲು ಕೊಡುವುದು ಹೆಸರು ಹೇಳಲಾಗದ ಚೂರುಗಳ ತಟ್ಟೆಯನ್ನು. ಇದು ಯಾವ ಪ್ರಾಣಿ ಎಂದು ಕೇಳುವ ಮೊದಲು, ಇದನ್ನು ಇಲ್ಲಿಗೆ ತಂದವರು ಯಾರು ಎಂದು ಕೇಳಬೇಕು. ಮನುಷ್ಯ ತಂದಿರಬಹುದು, ಕಿರುಬ ಎಳೆದು ತಂದಿರಬಹುದು, ಗೂಬೆ ಕಕ್ಕಿರಬಹುದು. ಮೊಲವಾದರೆ ತನ್ನಷ್ಟಕ್ಕೆ ತಾನೇ ಅಲ್ಲಿ ಸತ್ತಿರಲೂಬಹುದು.

ನೀರು ಹಾಕುವ ಆತುರ ಬೇಡ. ಮರುಭೂಮಿಯ ಮೂಳೆಯ ರಂಧ್ರಗಳಲ್ಲಿ ಉಪ್ಪು ಕೂತಿರುತ್ತದೆ. ಒದ್ದೆಯಾದರೆ ಅದು ಕರಗುತ್ತದೆ, ಒಣಗುವಾಗ ಮತ್ತೆ ಹರಳುಗಟ್ಟಿ ಮೇಲ್ಮೈಯನ್ನು ಸಿಡಿಸುತ್ತದೆ. ಒಮ್ಮೆ ನಾನು ಸಂಜೆ ತೊಳೆದಿಟ್ಟ ಗೆಜೆಲ್ (ಒಂದು ಬಗೆಯ ಹುಲ್ಲೆ) ಎಲುಬುಗಳು ಬೆಳಿಗ್ಗೆ ಈರುಳ್ಳಿ ಸಿಪ್ಪೆಯಂತೆ ಪದರು ಬಿಟ್ಟಿದ್ದವು. ಬೇಟೆಗಾರರ ಕಲ್ಲಿನ ಅಲಗು ಬಿಟ್ಟ ಗೀರುಗಳು ಆ ಪದರಿನ ಮೇಲೆಯೇ ಇದ್ದವು. ಅಂದಿನಿಂದ ಮೆತ್ತನೆಯ ಒಣ ಕುಂಚವೇ ನನ್ನ ಮೊದಲ ಉಪಕರಣ.

ಈಗ ಚೂರನ್ನು ದೀಪದ ಕೆಳಗೆ ಹಿಡಿಯಿರಿ. ಬೆಳಕು ಮೇಲಿಂದ ಬೀಳಬಾರದು, ಪಕ್ಕದಿಂದ ಓರೆಯಾಗಿ ಬೀಳಬೇಕು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಚೂರನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ, ಒಂದು ಕೋನದಲ್ಲಿ ಬೋಳಾಗಿ ಕಂಡ ಮೇಲ್ಮೈಯಲ್ಲಿ ಇನ್ನೊಂದು ಕೋನದಲ್ಲಿ ಕೂದಲೆಳೆಯಂಥ ನೆರಳು ಮೂಡುತ್ತದೆ. ಕಲ್ಲಿನ ಅಲಗು ಕೊಯ್ದ ಗೀರು ಕಿರಿದು, ತಳ ಚೂಪು. ಅದರೊಳಗೆ ಇನ್ನೂ ಸಣ್ಣ ಸಮಾನಾಂತರ ಗೆರೆಗಳಿರುತ್ತವೆ. ಮಾಂಸಾಹಾರಿಯ ಹಲ್ಲಿನ ಗುರುತು ಅಗಲ, ತಳ ದುಂಡಗೆ, ಪಕ್ಕದಲ್ಲಿ ಕುಳಿಗಳೂ ಇರುತ್ತವೆ. ಕಲ್ಲುಹರಳಿನ ನೆಲದಲ್ಲಿ ತುಳಿತಕ್ಕೆ ಸಿಕ್ಕ ಗೀರುಗಳು ತೆಳು, ದಿಕ್ಕುದೆಸೆಯಿಲ್ಲದೆ ಹರಡಿರುತ್ತವೆ. ಹೊಸಬರನ್ನು ಅತಿ ಹೆಚ್ಚು ಮೋಸಗೊಳಿಸುವುದು ಇವೇ. ಗೀರು ಎಲ್ಲಿದೆ ಎಂಬುದೂ ಮುಖ್ಯ. ಕೀಲಿನ ಸುತ್ತ ಇದ್ದರೆ ಅಂಗಗಳನ್ನು ಬಿಡಿಸಿದ್ದಾರೆ, ಎಲುಬಿನ ನಡುಭಾಗದಲ್ಲಿದ್ದರೆ ಮಾಂಸ ತೆಗೆದಿದ್ದಾರೆ.

ಮುರಿದ ಅಂಚನ್ನೂ ನೋಡಿ. ಹಸಿ ಮೂಳೆ ಮಜ್ಜೆಗಾಗಿ ಒಡೆದಾಗ ಅಂಚು ಸುರುಳಿಯಾಗಿ, ನುಣುಪಾಗಿ ಸೀಳುತ್ತದೆ. ಒಣಗಿದ ಮೇಲೆ ಮುರಿದದ್ದು ನೇರ ಮತ್ತು ಒರಟು. ಅಂಚು ಮಾತ್ರ ಬೆಳ್ಳಗಿದ್ದರೆ ಅದು ನಮ್ಮದೇ ಗುದ್ದಲಿಯ ಕೆಲಸ. ಬಿಸಿಲಿನ ಬಿರುಕುಗಳಿಗೆ 1978ರಲ್ಲಿ ಕೆನ್ಯಾದ ಅಂಬೋಸೆಲಿಯ ಮೂಳೆಗಳನ್ನು ಆಧರಿಸಿ ಪ್ರಕಟವಾದ ಸೊನ್ನೆಯಿಂದ ಐದರವರೆಗಿನ ಹಂತಗಳಿವೆ; ಪ್ರತಿ ಚೂರಿಗೂ ಆ ಅಂಕಿ ಬರೆದಿಡಿ.

ಸುಟ್ಟ ಬಣ್ಣ ಇನ್ನೊಂದು ಸಾಕ್ಷಿ. ಕಡಿಮೆ ಕಾವಿಗೆ ಕಂದು, ಹೆಚ್ಚಿದರೆ ಇದ್ದಿಲಿನ ಕಪ್ಪು, ಇನ್ನೂ ಏರಿದರೆ ಬೂದು, ಕೊನೆಗೆ ಸುಣ್ಣದಂಥ ಬಿಳುಪು. ಆಮೆಯ ಚಿಪ್ಪಿನ ಹೊರಮೈ ಮಾತ್ರ ಕಪ್ಪಾಗಿ ಒಳಮೈ ಹಾಗೇ ಇದ್ದರೆ, ಅದನ್ನು ಚಿಪ್ಪಿನ ಸಮೇತ ಕೆಂಡದ ಮೇಲೆ ಇಟ್ಟಿದ್ದಿರಬೇಕು. ಸಾವಿರಾರು ವರ್ಷಗಳ ಹಿಂದಿನ ಒಂದು ಊಟ ನಿಮ್ಮ ಅಂಗೈಯಲ್ಲಿ ಕೂತಿರುತ್ತದೆ. ಎಷ್ಟು ಬಾರಿ ನೋಡಿದರೂ ನನಗೆ ಆ ಕ್ಷಣ ಹಳೆಯದಾಗಿಲ್ಲ.

ಇಷ್ಟಾದ ಮೇಲೆ ಪ್ರಾಣಿಯನ್ನು ಗುರುತಿಸಿ. ಪೂರ್ವ ಜೋರ್ಡಾನಿನ ಅಜ್ರಾಕ್ ಪ್ರದೇಶದ ಖರಾನೇ 4 ಎಂಬ ಬೇಟೆಗಾರರ ನೆಲೆಯಲ್ಲಿ, ಸುಮಾರು 19,000 ವರ್ಷಗಳ ಹಿಂದಿನ ಪದರುಗಳಲ್ಲಿ, ಗೆಜೆಲ್‌ನದೇ ಸಿಂಹಪಾಲು. ಅಂಥ ರಾಶಿಯಲ್ಲಿ ಮರಿಗಳ ಹಾಲುಹಲ್ಲುಗಳನ್ನು ಹುಡುಕಿ. ಮರಿ ಹಾಕುವ ಕಾಲ ಗೊತ್ತಿದ್ದರೆ, ಹಲ್ಲು ಎಷ್ಟು ಸವೆದಿದೆ ಎಂಬುದರಿಂದ ಬೇಟೆ ಯಾವ ಋತುವಿನಲ್ಲಿ ನಡೆಯಿತು ಎಂದು ಅಂದಾಜಿಸಬಹುದು.

ಸಣ್ಣ ಚೂರುಗಳನ್ನು ಬಿಡಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಅದೇ ಜೋರ್ಡಾನಿನ ಈಶಾನ್ಯದ ಶುಬೈಕಾ 6. ಸುಮಾರು 11,500 ವರ್ಷ ಹಳೆಯ ಆ ನೆಲೆಯಲ್ಲಿ ಅನೇಕ ಮೂಳೆಗಳ ಮೇಲ್ಮೈ ಹೊಟ್ಟೆಯ ಆಮ್ಲಕ್ಕೆ ಕರಗಿತ್ತು. ಅವುಗಳಲ್ಲಿ ಕೆಲವು ಮನುಷ್ಯ ನುಂಗಲಾರದಷ್ಟು ದೊಡ್ಡವು. ಜನರ ನಡುವೆಯೇ ನಾಯಿಗಳಿದ್ದವು ಎಂದು ಸಂಶೋಧಕರು ತೀರ್ಮಾನಿಸಿದ್ದು ಇದರಿಂದ. ಅದೇ ಕಾಲಕ್ಕೆ ಮೊಲದ ಮೂಳೆಗಳೂ ಹೆಚ್ಚಾಗಿದ್ದರಿಂದ, ಮೊಲದ ಬೇಟೆಗೆ ನಾಯಿ ನೆರವಾಗಿರಬಹುದು ಎಂಬ ವಾದ ಹುಟ್ಟಿತು. ನಾಯಿಯ ಎಲುಬನ್ನಷ್ಟೇ ಹುಡುಕುತ್ತಾ ಕೂತಿದ್ದರೆ ಈ ಸುಳಿವು ಕೈತಪ್ಪುತ್ತಿತ್ತು. ಕರಗಿದ ಮೂಳೆಯನ್ನು ಬೆರಳಿನಿಂದ ಸವರಿ ನೋಡಿ: ಅಂಚು ಚೀಪಿದ ಕಲ್ಲುಸಕ್ಕರೆಯಂತೆ ತೆಳ್ಳಗೆ, ನಯವಾಗಿರುತ್ತದೆ.

ಎಣಿಕೆಗೆ ಎರಡು ಅಂಕಣ ಇರಲಿ: ಗುರುತಿಸಿದ ಒಟ್ಟು ತುಂಡುಗಳು ಒಂದರಲ್ಲಿ, ಅವು ಕನಿಷ್ಠ ಎಷ್ಟು ಪ್ರಾಣಿಗಳವು ಎಂಬುದು ಇನ್ನೊಂದರಲ್ಲಿ. ಮೂರು ಎಡ ಹಿಮ್ಮಡಿ ಎಲುಬು ಸಿಕ್ಕರೆ ಪ್ರಾಣಿ ಮೂರಕ್ಕಿಂತ ಕಡಿಮೆಯಿಲ್ಲ. ಹೆಸರು ಸಿಗದ ಚೂರುಗಳನ್ನು ತೂಗಿ, ಗೀರು ಮತ್ತು ಸುಟ್ಟ ಬಣ್ಣವನ್ನು ಬರೆದು, ಪದರಿನ ಸಂಖ್ಯೆಯ ಚೀಟಿಯೊಂದಿಗೆ ಅದೇ ಚೀಲಕ್ಕೆ ಮರಳಿ ಹಾಕಿ.