ಒಂದು ಪಟ್ಟಿ ಬಟ್ಟೆ, ಎರಡು ನೇರ ಹೊಲಿಗೆ: ಜಪಾನಿನ ಅಜುಮಾ ಬುಕುರೊ

ಅಗಲಕ್ಕಿಂತ ಮೂರು ಪಟ್ಟು ಉದ್ದವಿರುವ ಒಂದು ಪಟ್ಟಿ ಬಟ್ಟೆ ಮತ್ತು ಎರಡು ನೇರ ಹೊಲಿಗೆ ಇದ್ದರೆ ಜಪಾನಿನ ಸಾಂಪ್ರದಾಯಿಕ ಬಟ್ಟೆಚೀಲವಾದ ಅಜುಮಾ ಬುಕುರೊ ಸಿದ್ಧವಾಗುತ್ತದೆ. ಇದಕ್ಕೆ ಜಿಪ್ಪಾಗಲಿ ಗುಂಡಿಯಾಗಲಿ ಬೇಕಿಲ್ಲ, ಬೇರೆಯಾಗಿ ಕತ್ತರಿಸಿ ಜೋಡಿಸುವ ಹಿಡಿಕೆಯೂ ಇಲ್ಲ. ಹೊಲಿದು ಮುಗಿಸಿದಾಗ ಬಟ್ಟೆಯ ಎರಡು ಮೂಲೆಗಳು ಕೊಂಬುಗಳಂತೆ ಮೇಲೆದ್ದು ನಿಲ್ಲುತ್ತವೆ. ಅವೆರಡನ್ನೂ ಸೇರಿಸಿ ಗಂಟು ಹಾಕಿದರೆ ಅದೇ ಹಿಡಿಕೆ, ಅದೇ ಮುಚ್ಚಳ.

ಸಾಮಾನು ಕಟ್ಟಿ ಒಯ್ಯಲು ಜಪಾನೀಯರು ಬಹುಕಾಲದಿಂದ ಫುರೋಶಿಕಿ ಎಂಬ ಚೌಕ ಬಟ್ಟೆಯನ್ನು ಬಳಸುತ್ತ ಬಂದಿದ್ದಾರೆ. ಎಡೊ ಕಾಲದ ಕೊನೆಯಿಂದ ಮೇಜಿ ಕಾಲದವರೆಗಿನ ಅವಧಿಯಲ್ಲಿ, ಅಂದರೆ ಸುಮಾರು ಹತ್ತೊಂಬತ್ತನೆಯ ಶತಮಾನದಲ್ಲಿ, ಪಾಶ್ಚಾತ್ಯರ ಕೈಚೀಲಗಳನ್ನು ಕಂಡ ಎಡೊ ನಗರದ, ಅಂದರೆ ಇಂದಿನ ಟೋಕಿಯೊದ ಜನ, ತಮ್ಮಲ್ಲಿದ್ದ ಬಟ್ಟೆಯನ್ನೇ ಮಡಿಸಿ ಹೊಲಿದು ಈ ಚೀಲವನ್ನು ರೂಪಿಸಿಕೊಂಡರೆಂದು ಹೇಳುತ್ತಾರೆ. ಬಟ್ಟೆಯನ್ನು ವಕ್ರವಾಗಿ ಕತ್ತರಿಸದಿರುವುದು ಅಲ್ಲಿನ ಹೊಲಿಗೆಯ ಹಳೆಯ ಶಿಸ್ತು. ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಥಾನಿನಿಂದ ಕಿಮೊನೊ ಹೊಲಿಯುವಾಗಲೂ ಕತ್ತರಿ ಬಹುತೇಕ ನೇರ ಗೆರೆಯಲ್ಲೇ ಸಾಗುತ್ತದೆ. ಹೊಲಿಗೆ ಬಿಚ್ಚಿದರೆ ತುಂಡುಗಳನ್ನು ಒಗೆದು ಮತ್ತೆ ಹೊಲಿಯಬಹುದು. ಅಜುಮಾ ಬುಕುರೊದಲ್ಲಿ ಈ ಶಿಸ್ತು ತನ್ನ ಅತ್ಯಂತ ಸರಳ ರೂಪದಲ್ಲಿ ಕಾಣುತ್ತದೆ, ಮತ್ತು ಇದನ್ನು ಹೊಲಿಗೆಯ ಮೊದಲ ಪಾಠವಾಗಿ ಯಾರಿಗಾದರೂ ಕಲಿಸಬಹುದೆಂದು ನಾನು ನಂಬಿದ್ದೇನೆ.

ಬಟ್ಟೆಯ ಆಯ್ಕೆಯಲ್ಲಿ ಆತುರ ಬೇಡ. ಜಪಾನಿನಲ್ಲಿ ಇದಕ್ಕೆ ಸುಲಭವಾಗಿ ಒದಗುವುದು ತೆನುಗುಯಿ ಎಂಬ ತೆಳು ಹತ್ತಿಯ ಕೈವಸ್ತ್ರ. ಅದರ ಅಗಲ ಸುಮಾರು 33ರಿಂದ 35 ಸೆಂಟಿಮೀಟರ್, ಉದ್ದ ಸುಮಾರು 90 ಸೆಂಟಿಮೀಟರ್ ಇರುವುದರಿಂದ ಊಟದ ಡಬ್ಬಿ ಹಿಡಿಯುವಷ್ಟು ಚೀಲ ಅದರಿಂದ ಆಗುತ್ತದೆ. ಚೂಸೆನ್ ಎಂಬ ಪದ್ಧತಿಯಲ್ಲಿ ಬಣ್ಣ ಹಾಕಿದ ತೆನುಗುಯಿ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಬಣ್ಣ ಎಳೆಯ ಆಳಕ್ಕೆ ಇಳಿದು ಎರಡೂ ಮೈಯಲ್ಲಿ ಒಂದೇ ಸಮ ಕಾಣುವುದರಿಂದ ಚೀಲದ ಒಳಗೂ ವಿನ್ಯಾಸ ತೋರುತ್ತದೆ. ನಮ್ಮ ಅಂಗಡಿಗಳಲ್ಲಿ 44 ಇಂಚು, ಅಂದರೆ ಸುಮಾರು 112 ಸೆಂಟಿಮೀಟರ್ ಪನ್ನದ ಹತ್ತಿ ಬಟ್ಟೆ ಸಿಗುತ್ತದೆ. ಅದರಲ್ಲಿ 40 ಸೆಂಟಿಮೀಟರ್ ಮಾತ್ರ ಕೊಂಡರೆ ಲೆಕ್ಕ ಸರಿಹೋಗುತ್ತದೆ: ಪನ್ನವೇ ಚೀಲದ ಪಟ್ಟಿಯ ಉದ್ದವಾಗುತ್ತದೆ, ಮತ್ತು ನೇಯ್ಗೆಯಲ್ಲೇ ಬಂದ ಗಟ್ಟಿ ಅಂಚುಗಳು ಪಟ್ಟಿಯ ಎರಡು ಕಿರಿಯ ತುದಿಗಳಲ್ಲಿ ಉಳಿಯುವುದರಿಂದ ಅಲ್ಲಿ ಹೆಮ್ಮಿಂಗ್, ಅಂದರೆ ಅಂಚು ಮಡಿಸಿ ಹೊಲಿಯುವ ಕೆಲಸವಿರುವುದಿಲ್ಲ. ಹಳೆಯ ಹತ್ತಿ ಸೀರೆಯಾದರೆ ಸವೆಯದ ಭಾಗವನ್ನು ಬೆಳಕಿಗೆ ಹಿಡಿದು ನೋಡಿ ಆರಿಸಿಕೊಳ್ಳಬೇಕು.

ಒತ್ತಾಗಿ ನೇಯ್ದ ಬಟ್ಟೆಯನ್ನೇ ಆರಿಸಬೇಕೆನ್ನುವುದಕ್ಕೆ ಕಾರಣವಿದೆ. ಈ ಚೀಲದ ತಳ ಬರುವುದು ನಡುವಿನ ಚೌಕದ ಕರ್ಣದ ಮೇಲೆ. ಆದ್ದರಿಂದ ಸಾಮಾನಿನ ಭಾರ ಹಾಸು ಹೊಕ್ಕುಗಳ ನೇರಕ್ಕೆ ಬೀಳದೆ ಓರೆಯಾಗಿ ಬೀಳುತ್ತದೆ. ಓರೆಯಲ್ಲಿ ಯಾವ ಬಟ್ಟೆಯಾದರೂ ಸ್ವಲ್ಪ ಹಿಗ್ಗುತ್ತದೆ. ಕಲ್ಲಂಗಡಿಯಂಥ ದುಂಡು ಹಣ್ಣಿಗೂ ಚೌಕದ ಡಬ್ಬಿಗೂ ಒಂದೇ ಚೀಲ ಹೊಂದಿಕೊಳ್ಳುವುದು ಈ ಗುಣದಿಂದ. ನೇಯ್ಗೆ ಸಡಿಲವಿದ್ದರೆ ಅದೇ ಗುಣದಿಂದ ಚೀಲ ಜೋತುಬೀಳುತ್ತದೆ. ಹೊಲಿಯುವ ಮುನ್ನ ಬಟ್ಟೆಯನ್ನು ಒಮ್ಮೆ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡುವುದನ್ನು ತಪ್ಪಿಸಬಾರದು. ವಿನ್ಯಾಸದ ವಿಷಯದಲ್ಲೂ ಒಂದು ಎಚ್ಚರ ಅಗತ್ಯ. ಸಿದ್ಧವಾದ ಚೀಲದಲ್ಲಿ ಬಟ್ಟೆ ಓರೆಯಾಗಿ ನಿಲ್ಲುತ್ತದೆ ಮತ್ತು ಕೆಲವು ಭಾಗ ತಲೆಕೆಳಗಾಗುತ್ತದೆ. ಹೀಗಾಗಿ ಒಂದೇ ದಿಕ್ಕಿಗೆ ನಿಂತ ಮರ, ಹಕ್ಕಿ, ಗೊಂಬೆಗಳ ಚಿತ್ರ ಇದಕ್ಕೆ ಒಪ್ಪುವುದಿಲ್ಲ. ಚುಕ್ಕಿ, ಗೆರೆ, ಚೌಕಳಿ ಅಥವಾ ಜಪಾನೀಯರ ಅಸಾನೊಹಾದಂಥ ನಕ್ಷತ್ರದಾಕಾರದ ವಿನ್ಯಾಸ ಚೆನ್ನಾಗಿ ಕಾಣುತ್ತದೆ.

ಇನ್ನು ಹೊಲಿಗೆ. ಮೊದಲು ಪಟ್ಟಿಯ ಎರಡು ಉದ್ದನೆಯ ಅಂಚುಗಳನ್ನು ಒಳಮೈಗೆ ಎರಡು ಸಲ ಮಡಿಸಿ ಹೆಮ್ಮಿಂಗ್ ಮಾಡಿಕೊಳ್ಳಬೇಕು. ಮೊದಲ ಮಡಿಕೆ ಅರ್ಧ ಸೆಂಟಿಮೀಟರ್, ಎರಡನೆಯದು ಒಂದು ಸೆಂಟಿಮೀಟರ್ ಇರಲಿ. ಆಗ 40 ಸೆಂಟಿಮೀಟರ್ ಅಗಲ 37ಕ್ಕೆ ಇಳಿದು, 112ರ ಮೂರನೆಯ ಒಂದು ಭಾಗಕ್ಕೆ ಸರಿಸುಮಾರು ಸಮವಾಗುತ್ತದೆ.

ಈಗ ಪಟ್ಟಿಯನ್ನು ಹೊರಮೈ ಮೇಲಾಗಿ, ಉದ್ದ ಎಡದಿಂದ ಬಲಕ್ಕೆ ಬರುವಂತೆ ಮೇಜಿನ ಮೇಲೆ ಹರಡಿ, ಮೂರು ಸಮಭಾಗ ಮಾಡಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಎಡಭಾಗವನ್ನು ನಡುಭಾಗದ ಮೇಲೆ ಮಡಿಸಿ, ನಿಮ್ಮ ಕಡೆಗಿರುವ ಅಂಚಿನಲ್ಲಿ, ಅಂದರೆ ಕೆಳಗಿನ ಅಂಚಿನಲ್ಲಿ, ಎರಡು ಪದರಗಳನ್ನು ಗುಂಡುಪಿನ್ನುಗಳಿಂದ ಸೇರಿಸಿ ಮಡಿಕೆಯಿಂದ ತುದಿಯವರೆಗೆ ಹೊಲಿಯಬೇಕು. ಕೈಯಲ್ಲಿ ಹೊಲಿಯುವವರು ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಮುಂದೆ ಸಾಗುವ ಸಣ್ಣ ರನ್ನಿಂಗ್ ಸ್ಟಿಚ್ ಹಾಕುತ್ತ, ಪ್ರತಿ ನಾಲ್ಕು ಬೆರಳಿಗೊಮ್ಮೆ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು ಚುಚ್ಚುವ ಬ್ಯಾಕ್ ಸ್ಟಿಚ್ ಒಂದನ್ನು ಹಾಕಿದರೆ ದಾರ ಸಡಿಲಾಗುವುದಿಲ್ಲ.

ಎರಡನೆಯ ಹೊಲಿಗೆಯಲ್ಲೇ ಹೆಚ್ಚಿನವರು ತೊಡಕಿಗೆ ಸಿಲುಕುತ್ತಾರೆ, ಆದ್ದರಿಂದ ಇಲ್ಲಿ ನಿಧಾನಿಸಿ. ಬಲಭಾಗವನ್ನು ಮಡಿಸಿ ನಡುಭಾಗದ ಮೇಲೆ ತಂದಾಗ ಒಂದರ ಮೇಲೊಂದು ಮೂರು ಪದರಗಳಾಗುತ್ತವೆ, ಮೊದಲು ಮಡಿಸಿದ ಎಡಭಾಗ ನಡುವೆ ಸಿಕ್ಕಿಕೊಂಡಿರುತ್ತದೆ. ಈ ಸಲ ಹೊಲಿಯಬೇಕಾದದ್ದು ಮೇಲಿನ ಅಂಚನ್ನು, ಅದೂ ಎಲ್ಲಕ್ಕಿಂತ ಕೆಳಗಿನ ಪದರ ಮತ್ತು ಎಲ್ಲಕ್ಕಿಂತ ಮೇಲಿನ ಪದರ ಇವೆರಡನ್ನು ಮಾತ್ರ. ನಡುವಿನ ಪದರದ ಮೇಲಂಚನ್ನು ನಿಮ್ಮ ಕಡೆಗೆ ಓರೆಯಾಗಿ ಮಡಿಸಿ ಪಿನ್ನು ಹಾಕಿ ದೂರವಿಟ್ಟುಕೊಂಡರೆ ಅದು ಸೂಜಿಗೆ ಸಿಗುವುದಿಲ್ಲ. ಹೊಲಿದಾದ ಮೇಲೆ ಪರೀಕ್ಷಿಸುವುದು ಸುಲಭ: ಎಡಭಾಗದ ಮೇಲಂಚು ಮತ್ತು ಬಲಭಾಗದ ಕೆಳಂಚು ಎರಡೂ ಯಾವುದಕ್ಕೂ ಅಂಟಿಕೊಳ್ಳದೆ ಬಿಡಿಯಾಗಿರಬೇಕು. ಹಾಗಿಲ್ಲದಿದ್ದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವುದೇ ದಾರಿ.

ಎರಡೂ ಹೊಲಿಗೆಗಳು ಚೀಲದ ಬಾಯಿಯ ಬಳಿ ಮುಗಿಯುವ ಬಿಂದುಗಳು ಅತಿ ಹೆಚ್ಚು ಎಳೆತಕ್ಕೆ ಒಳಗಾಗುವುದರಿಂದ ಅಲ್ಲಿ ಎರಡು ಸೆಂಟಿಮೀಟರಿನಷ್ಟು ಜಾಗದಲ್ಲಿ ಹಿಂದೆ ಮುಂದೆ ಮೂರು ಸಲ ಹೊಲಿಗೆ ಓಡಿಸಬೇಕು. ನಂತರ ಬಿಡಿಯಾಗಿರುವ ಎರಡು ಮೂಲೆಗಳನ್ನು ಹಿಡಿದು ವಿರುದ್ಧ ದಿಕ್ಕಿಗೆ ಎಳೆದರೆ, ಅಷ್ಟು ಹೊತ್ತು ಮಡಿಕೆಗಳ ಗೋಜಲಾಗಿ ಕಾಣುತ್ತಿದ್ದ ಬಟ್ಟೆ ಚೀಲವಾಗಿ ತೆರೆದುಕೊಳ್ಳುತ್ತದೆ. ಇದನ್ನು ಮೊದಲ ಬಾರಿ ನೋಡುವ ಮಕ್ಕಳ ಬೆರಗು ದೊಡ್ಡವರಿಗೂ ಆಗುತ್ತದೆ.

ಚೀಲಕ್ಕೆ ಅಗಲವಾದ ತಳ ಬೇಕಿದ್ದರೆ ಅದನ್ನು ತಿರುಗಿಸುವ ಮೊದಲೇ, ತಳದ ಎರಡು ಮೂಲೆಗಳನ್ನು ತ್ರಿಕೋನವಾಗಿ ಚಪ್ಪಟೆ ಮಾಡಿ, ತುದಿಯಿಂದ ನಾಲ್ಕು ಸೆಂಟಿಮೀಟರ್ ಒಳಗೆ ಅಡ್ಡಲಾಗಿ ಹೊಲಿಯಬೇಕು. ಎಂಟು ಸೆಂಟಿಮೀಟರ್ ಅಗಲದ ತಳ ಬರುತ್ತದೆ. ತ್ರಿಕೋನವನ್ನು ಕತ್ತರಿಸದೆ ಒಳಗೇ ಬಿಟ್ಟರೆ ಮುಂದೆ ಬಟ್ಟೆಯನ್ನು ಇಡಿಯಾಗಿ ಮರಳಿ ಪಡೆಯಬಹುದು. ಇದಾದ ಮೇಲೆ ಹೊರಮೈ ಹೊರಗೆ ತಿರುಗಿಸಿ ಇಸ್ತ್ರಿ ಮಾಡಿದರೆ ಕೆಲಸ ಮುಗಿಯಿತು. ಲೈನಿಂಗ್, ಅಂದರೆ ಒಳಪದರ ಬೇಕೆನ್ನುವವರು ಅದೇ ಅಳತೆಯ ಎರಡು ಚೀಲ ಹೊಲಿದು ಒಂದರೊಳಗೊಂದು ಇಟ್ಟು ಬಾಯಿಯ ಅಂಚುಗಳನ್ನು ಜೋಡಿಸಬಹುದು, ಆದರೆ ತೆಳುವಾದ ಒಂಟಿ ಪದರದ ಚೀಲವೇ ಮಡಿಸಿ ಜೇಬಿಗೆ ಹಾಕಲು ಅನುಕೂಲ.

ಸಿದ್ಧ ಚೀಲದ ಅಗಲ ಪಟ್ಟಿಯ ಅಗಲದ ಸುಮಾರು 1.4 ಪಟ್ಟು ಇರುತ್ತದೆ. ಮೇಲಿನ ಅಳತೆಯಲ್ಲಿ ಅಗಲವಾದ ತಳ ಮಾಡದಿದ್ದರೆ ಅದು 52 ಸೆಂಟಿಮೀಟರ್ ಬರುತ್ತದೆ. ಬಾಯಿಯ ನಡುವಿನ ತಗ್ಗಿನವರೆಗಿನ ಆಳ ಅದರರ್ಧ, ಅಂದರೆ 26 ಸೆಂಟಿಮೀಟರ್. ಇದು ಮೊಣಕೈಗೆ ತೂಗುಹಾಕಲು ಸರಿ. ಹೆಗಲಿಗೆ ಆರಾಮವಾಗಿ ಹಾಕಿಕೊಳ್ಳಲು 50 ಸೆಂಟಿಮೀಟರ್ ಅಗಲ, 150 ಸೆಂಟಿಮೀಟರ್ ಉದ್ದದ ಪಟ್ಟಿ ಬೇಕು. ಎದೆಗಡ್ಡವಾಗಿ ಧರಿಸುವುದಾದರೆ ಎರಡು ತುದಿಗಳನ್ನು ಒಂದಕ್ಕೊಂದು ಕಟ್ಟದೆ, ನಡುವೆ ಗಟ್ಟಿ ಬಟ್ಟೆಯ ಪಟ್ಟಿಯೊಂದನ್ನು ಸೇರಿಸಿ, ಚೀಲ ಸೊಂಟದ ಬಳಿ ನಿಲ್ಲುವಷ್ಟು ಉದ್ದ ಬಿಟ್ಟು ಎರಡೂ ಕಡೆ ಗಂಟು ಹಾಕಬೇಕು. ಜಪಾನಿನಲ್ಲಿ ಬೇಸಿಗೆಯ ಹಬ್ಬಗಳಿಗೆ ಯುಕಾತಾ ಎಂಬ ತೆಳು ಹತ್ತಿಯ ಕಿಮೊನೊ ಉಟ್ಟು ಹೋಗುವವರ ಕೈಯಲ್ಲೂ, ಕಚೇರಿಗೆ ಬೆಂಟೊ ಎಂಬ ಊಟದ ಡಬ್ಬಿ ಒಯ್ಯುವವರ ಕೈಯಲ್ಲೂ ಈ ಚೀಲವಿರುತ್ತದೆ. 2020ರ ಜುಲೈನಿಂದ ಅಲ್ಲಿನ ಅಂಗಡಿಗಳು ಪ್ಲಾಸ್ಟಿಕ್ ಚೀಲಕ್ಕೆ ಹಣ ಪಡೆಯುವುದು ಕಡ್ಡಾಯವಾಗಿರುವುದರಿಂದ ಇಂಥ ಮಡಿಸಿಡಬಹುದಾದ ಚೀಲ ಜೊತೆಗಿದ್ದರೆ ಉಪಯೋಗ.

ಗಂಟು ಹಾಕುವ ಕ್ರಮವೂ ಮುಖ್ಯ. ಜಪಾನೀಯರು ಇಲ್ಲಿ ಬಳಸುವುದು ಮಾಮುಸುಬಿ ಎಂಬ ಚಪ್ಪಟೆ ಗಂಟು. ಬಲತುದಿಯನ್ನು ಎಡತುದಿಯ ಮೇಲೆ ತಂದು ಒಮ್ಮೆ ಕಟ್ಟಿದರೆ, ಎರಡನೆಯ ಸಲ ಎಡಕ್ಕೆ ಬಂದ ಅದೇ ತುದಿಯನ್ನು ಇನ್ನೊಂದರ ಮೇಲೆ ತಂದು ಕಟ್ಟಬೇಕು. ಸರಿಯಾಗಿ ಬಿದ್ದ ಗಂಟಿನ ತುದಿಗಳು ಹಿಡಿಕೆಯ ನೇರಕ್ಕೇ ಮಲಗುತ್ತವೆ. ಅಡ್ಡಕ್ಕೆ ನಿಂತರೆ ಗಂಟು ತಪ್ಪಾಗಿದೆ, ಭಾರ ಬಿದ್ದಾಗ ಜಾರುತ್ತದೆ. ಬಿಚ್ಚುವಾಗ ಉಗುರಿನಿಂದ ಕೀಳುವ ಅಗತ್ಯವಿಲ್ಲ: ಒಂದು ತುದಿಯನ್ನೂ ಅದರ ಬುಡವನ್ನೂ ಹಿಡಿದು ವಿರುದ್ಧ ದಿಕ್ಕಿಗೆ ಜಗ್ಗಿದರೆ ಆ ಎಳೆ ನೇರವಾಗುತ್ತದೆ, ಅದಕ್ಕೆ ಸುತ್ತಿಕೊಂಡ ಇನ್ನೊಂದು ತುದಿಯನ್ನು ಬೆರಳಿನಿಂದ ಸರಿಸಿದರೆ ಕಳಚಿ ಬರುತ್ತದೆ. ಚೀಲವನ್ನು ಒಗೆಯುವಾಗ ಮೊದಲ ಎರಡು ಸಲ ಬಣ್ಣ ಬಿಡಬಹುದಾದ್ದರಿಂದ ಬೇರೆ ಬಟ್ಟೆಗಳ ಜೊತೆ ನೆನೆಸಬೇಡಿ. ಓರೆಯಲ್ಲಿ ಹಿಗ್ಗುವ ಚೀಲವಾದ್ದರಿಂದ ಕೊಂಬುಗಳನ್ನು ಹಿಡಿದು ತೂಗುಹಾಕದೆ, ತಂತಿಯ ಮೇಲೆ ಅಗಲವಾಗಿ ಹರವಿ ನೆರಳಿನಲ್ಲಿ ಒಣಗಿಸಿ.