‘ಮೈಲ್ಡಾ, ಸಿವಿಯರ್ರಾ?’ ಅಂದವರಿಗೆ ಏನು ಹೇಳಬೇಕು

ಆಟಿಸಂ ಇರುವ ಮಗುವಿನ ಬಗ್ಗೆ ನೆಂಟರು ಹೀಗೆ ಕೇಳಿದರೆ ಒಂದೇ ಪದದ ಉತ್ತರ ಕೊಡಬೇಡಿ. ಆಟಿಸಂ ಅನ್ನು ಸ್ಪೆಕ್ಟ್ರಮ್ ಅಂತಾರೆ, ಅಂದರೆ ಒಬ್ಬೊಬ್ಬರಲ್ಲಿ ಒಂದೊಂದು ಥರ ಕಾಣುತ್ತೆ ಅಂತ. ಅದು ಕಮ್ಮಿಯಿಂದ ಜಾಸ್ತಿಗೆ ಎಳೆದ ಗೆರೆಯಲ್ಲ. ಒಂದು ಹಾಳೆ ತಗೊಳ್ಳಿ. ಮಾತು, ಸದ್ದು, ಊಟ, ದಿನಚರಿ ಬದಲಾದರೆ ಆಗುವ ಗಾಬರಿ, ಎಲ್ಲವನ್ನೂ ಬೇರೆ ಬೇರೆ ಬರೆದು, ಪಕ್ಕದಲ್ಲಿ ಎಷ್ಟು ನೆರವು ಬೇಕು ಅಂತ ಹಾಕಿ.

ನನ್ನ ಮಗ ಕುವೆಂಪುನಗರದ ಸಿಟಿ ಬಸ್ ನಂಬರೆಲ್ಲ ಬಾಯಿಪಾಠ ಹೇಳ್ತಾನೆ. ಕುಕ್ಕರ್ ಕೂಗಿದರೆ ಮಾತ್ರ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರ್ಕೋತಾನೆ. ಇವನನ್ನು ‘ಮೈಲ್ಡ್’ ಅಂದುಬಿಟ್ಟರೆ ಆ ಮಂಚದ ಕೆಳಗಿನ ಅರ್ಧ ಗಂಟೆ ಯಾರ ಲೆಕ್ಕಕ್ಕೂ ಬರಲ್ಲ.

2013ರ ಡಿಎಸ್‌ಎಂ-5 ಎಂಬ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ, ಅದುವರೆಗೆ ಬೇರೆಯಾಗಿದ್ದ ಆಸ್ಪರ್ಜರ್ ಮೊದಲಾದ ಹೆಸರುಗಳನ್ನು ಆಟಿಸಂ ಸ್ಪೆಕ್ಟ್ರಮ್‌ನೊಳಗೆ ಸೇರಿಸಿತು. ಅದರ 3 ಹಂತಗಳೂ ಬೇಕಾದ ನೆರವನ್ನೇ ಅಳೆಯುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆ ಆಯಿಷ್‌ಗೆ ತಪಾಸಣೆಗೆ ಹೋಗುವಾಗ ಆ ಹಾಳೆ ಮರೆಯಬೇಡಿ.